ಅಜ್ಜಿಯ ಕೊರಳಿನ ಬಿಲ್ಲೆ

ಕೀನ್ಯಾದ ತಾನಾ ನದೀಮುಖದ ಶಾಲೆಗಳನ್ನು ಆಳುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ಒಂದನೆಯ ತರಗತಿಯ ಮಕ್ಕಳಿಗೆ ಪೊಕೊಮೊ ಭಾಷೆಯಲ್ಲಿ ಲೆಕ್ಕ ಕಲಿಸಿದ್ದಕ್ಕಾಗಿ ಬುಯಾ ಮೇಷ್ಟ್ರಿಗೆ ತಾವು ನೋಟಿಸ್ ಕೊಟ್ಟಿದ್ದೀರಿ. ಸೋಮವಾರದೊಳಗೆ ತಪ್ಪೊಪ್ಪಿಗೆ ಬರೆದುಕೊಡದಿದ್ದರೆ ವರ್ಗಾವಣೆಯಂತೆ. ನಮ್ಮ ಪೊಕೊಮೊ ‘ಸ್ವಾಹಿಲಿಯ ಒರಟು ರೂಪ’, ಬೇರೆಯಾಗಿ ಕಲಿಸಬೇಕಿಲ್ಲ ಎಂಬುದು ತಮ್ಮ ಸಂಶೋಧನೆ. ಕುರ್ಚಿಯಿಂದ ಏಳದೆಯೇ ಒಂದು ಭಾಷೆಯನ್ನು ಮುಗಿಸಿಬಿಟ್ಟ ಸಾಮರ್ಥ್ಯಕ್ಕೆ ನಮಸ್ಕಾರ. ಅಕ್ಕತಂಗಿಯರ ಮೂಗು ಒಂದೇ ಥರ ಇದೆಯೆಂದು ಒಬ್ಬಳಿಗೆ ಮಾತ್ರ ಊಟ ಬಡಿಸಿದರೆ ಸಾಕೇ?

ಕಳೆದ ವಾರ ಮೇಷ್ಟ್ರ ಪರವಾಗಿ ತಮ್ಮ ಕಚೇರಿಗೆ ಬಂದಿದ್ದೆ. “ನೋಡಿ ಮೇಡಂ, ನೀವು ಇಂಗ್ಲಿಷ್‌ನಲ್ಲಿ ಓದಿ ಮುಂದೆ ಬಂದೋರು. ಈ ಮಕ್ಕಳಿಗೆ ಆ ಭಾಗ್ಯ ಬೇಡ್ವಾ?” ಎಂದಿರಿ. ಆ ಭಾಗ್ಯ ಎಂಥದೆಂದು ಈಗ ಹೇಳುತ್ತೇನೆ.

ನಮ್ಮ ಶಾಲೆಯಲ್ಲೊಂದು ಮರದ ಬಿಲ್ಲೆ ಇತ್ತು. ಮನೆಮಾತು ಆಡಿದವರ ಕೊರಳಿಗೆ ಅದು. ಇನ್ನೊಬ್ಬರು ಆಡುವಾಗ ಹಿಡಿದು ಅವರಿಗೆ ತೊಡಿಸಿದರೆ ಬಿಡುಗಡೆ. ಮರುದಿನ ಬೆಳಿಗ್ಗೆ ಯಾರ ಬಳಿ ಇರುತ್ತದೋ ಅವರಿಗೆ ಬೆತ್ತ. ಏಳು ವರ್ಷದ ನಾನು ಒಂದು ಸಂಜೆ ಅದನ್ನು ತೊಟ್ಟೇ ಮನೆಗೆ ಬಂದೆ. ಬಾಳೆಕಾಯಿ ಸುಲಿಯುತ್ತಿದ್ದ ಧಾಧೋ ಅಜ್ಜಿ ಪೊಕೊಮೊದಲ್ಲಿ, “ಬಂದ್ಯಾ ನನ್ನವ್ವ? ಹಸಿವಾಯ್ತಾ?” ಎಂದಳು. ಸಿಕ್ಕಿಬಿದ್ದಳು! ಬಿಲ್ಲೆಯನ್ನು ಅವಳ ಕೊರಳಿಗೆ ಹಾಕಿದೆ.

“ಏನೇ ಇದು, ಬಹುಮಾನಾನಾ?”

“ಹೂಂ ಅಜ್ಜಿ. ಚೆನ್ನಾಗಿ ಮಾತಾಡೋರಿಗೆ ಕೊಡ್ತಾರೆ.”

ಬೆಳಗಾಗುತ್ತಲೇ ಅವಳು ಅದನ್ನು ತೊಟ್ಟು, ದೋಣಿ ಹತ್ತಿ, ಆಚೆ ದಡದ ಭತ್ತದ ಗದ್ದೆಗೆ ಹೊರಟಳು. “ನೋಡ್ರೇ, ಸ್ಕೂಲಿಂದ ಕಳ್ಸವ್ರೆ! ನೀವೂ ನೆಟ್ಟಗೆ ಮಾತಾಡಿ, ಸಿಗ್ತದೆ!” ಎಂದು ಹೆಂಗಸರಿಗೆಲ್ಲ ತೋರಿಸಿದಳು. ಬಿಲ್ಲೆ ಕಳೆದುಹೋಯಿತೆಂದು ಸುಳ್ಳು ಹೇಳಿ ನಾನು ಏಟು ತಿಂದೆ. ನಿಜ ಹೇಳುವ ಧೈರ್ಯ ಅಜ್ಜಿ ಸಾಯುವವರೆಗೂ ಬರಲಿಲ್ಲ. ನನ್ನ ಮಗಳಿಗೆ ಪೊಕೊಮೊ ಕಲಿಸಲೂ ಇಲ್ಲ. ತಮ್ಮ ನೋಟಿಸನ್ನು ತಾವು ಹೊರಡಿಸುವ ಮೊದಲೇ ಪಾಲಿಸಿದವಳು ನಾನು. ತಮ್ಮನ್ನು ಹಳಿಯುವ ಹಕ್ಕು ನನಗಿದೆಯೇ ಎಂದು ಕೇಳಿಕೊಂಡೇ ಬರೆಯುತ್ತಿದ್ದೇನೆ.

ಅಂದು ನಮ್ಮ ಮಾತಿನ ನಡುವೆ ತಮ್ಮ ತಾಯಿಯ ಫೋನು ಬಂತು. ತಮ್ಮ ಮನೆಮಾತಿನಲ್ಲಿ, ಕಣ್ಣು ಒದ್ದೆಯಾಗುವಷ್ಟು ನಕ್ಕಿರಿ. ಆ ಭಾಷೆ ನನಗೆ ಬಾರದು. ಸಂತೋಷ ಮಾತ್ರ ತಿಳಿಯಿತು. ತಮ್ಮ ಕೊರಳಿಗೆ ಯಾರೂ ಏನನ್ನೂ ಹಾಕಲಿಲ್ಲ.

ಸೋಮವಾರದೊಳಗೆ ನೋಟಿಸನ್ನು ಹಿಂತೆಗೆದುಕೊಳ್ಳಿ. ಇಲ್ಲವಾದರೆ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಆ ಬಿಲ್ಲೆಯನ್ನು ತಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತೇನೆ. ರಜೆಯಲ್ಲಿ ಊರಿಗೆ ಹೋದಾಗ ತಮ್ಮ ತಾಯಿಯ ಕೊರಳಿಗೆ ಹಾಕಿ. “ಏನಪ್ಪಾ ಇದು?” ಎಂದು ಅವರು ಕೇಳಿದರೆ ಏನು ಹೇಳಿದಿರೆಂದು ನನಗೂ ತಿಳಿಸಿ. ನನಗೆ ಗೊತ್ತಿರುವುದು ಸುಳ್ಳು ಉತ್ತರವೊಂದೇ.

ಇಂತಿ,
ತುಂಬ ಓದಿದ ಮೊಮ್ಮಗಳು,
ಹವಾಯು ಹಿರಿಬಾಯೆ