ಕೊರಳು ಮುಟ್ಟದ ಮರ್ಯಾದೆ

ಜಿಲ್ಲೆಯ ದವಾಖಾನೆಗಳನ್ನೆಲ್ಲ ಆಳುವ ದೊಡ್ಡ ಸಾಹೇಬರೇ,

ತಮ್ಮ ಕೈಕೆಳಗಿನ ಡಾಕ್ಟರರೊಬ್ಬರು ನನಗೆ ವಿಪರೀತ ಮರ್ಯಾದೆ ಕೊಡುತ್ತಿದ್ದಾರೆ. ಆ ಮರ್ಯಾದೆಯಿಂದಲೇ ನಾನು ಸಾಯುವ ಹಾಗಿದೆ. ಇದು ನನ್ನ ಫಿರ್ಯಾದು.

ನಾನು ಹುಮನಾಬಾದಿನ ಬಟ್ಟೆ ವ್ಯಾಪಾರಿ. ಎಲೆ-ತಂಬಾಕಿನ ಬಾಯಿ, ನಾಲಿಗೆಯ ಅಂಚಿಗೆ ಹುಣ್ಣಾಯಿತು. ನಮ್ಮೂರ ದವಾಖಾನೆಯ ಮುಸಲ್ಮಾನ ಡಾಕ್ಟರರು ಬಾಯಿಯ ಸಂದುಗೊಂದೆಲ್ಲ ನೋಡಿ ಔಷಧ ಬಳಿದರು. ಆಮೇಲೆ ಅವರ ಕೈ ಕೊರಳ ಕಡೆ ಬಂತು. ಲಿಂಗದ ಶಿವದಾರ ಕಂಡದ್ದೇ ಹಿಂದೆ ಸರಿಯಿತು. "ತೌಬಾ! ಕೊರಳಾಗ ಲಿಂಗ ಅದ. ನಾ ಹ್ಯಾಂಗ ಮುಟ್ಟಲಿ, ಸಾವಕಾರ್ರೇ?" ಎಂದರು. ಎಂಥ ಸಜ್ಜನರು! ಕಲ್ಯಾಣದ ಬೀಗರ ಮನೆಯ ತನಕ ಹೋಗಿ ಅವರನ್ನು ಹೊಗಳಿ ಬಂದೆ.

ಒಂದು ದಿನ ಹೆಂಡತಿ ಕಸ್ತೂರಿಬಾಯಿ ನನಗೆ ಹೊಸ ಶಿವದಾರ ಕಟ್ಟುತ್ತಾ, "ಏನ್ರಿ ಇದು, ದವಡಿ ಕೆಳಗ ಹುಣಸಿ ಬೀಜದಂಥ ಗಂಟು? ನೋವಾಗ್ತದೇನ್ರಿ?" ಎಂದಳು. ನೋವೇನೂ ಇರಲಿಲ್ಲ. ಮಾಣಿಕನಗರಕ್ಕೆ ದರ್ಶನಕ್ಕೆ ಬಂದಿದ್ದ ಹೈದರಾಬಾದಿನ ಡಾಕ್ಟರರೊಬ್ಬರು ಅದನ್ನು ಒತ್ತಿ ನೋಡಿ ನಗು ನಿಲ್ಲಿಸಿದರು. "ಕ್ಯಾನ್ಸರ್ ಅನಸ್ತದ್ರಿ. ಬಾಯಿಂದ ಕೊರಳಿಗೆ ಇಳದದ. ಹುಣ್ಣೊಂದೇ ಕೊಯ್ದ್ರ ಸಾಲಂಗಿಲ್ಲ, ಗಂಟೂ ತೆಗೀಬೇಕು. ತಡ ಮಾಡಬ್ಯಾಡ್ರಿ."

ಹೈದರಾಬಾದಿನ ದೊಡ್ಡ ದವಾಖಾನೆ ಸೇರಲು ನಮ್ಮೂರ ಡಾಕ್ಟರರ ಚೀಟಿ ಬೇಕು; ಚೀಟಿಯಲ್ಲಿ ಬರೆದಷ್ಟಕ್ಕೇ ಅಲ್ಲಿ ಚಿಕಿತ್ಸೆ. ಅವರು ಬಾಯಿಹುಣ್ಣು ಮಾತ್ರ ಬರೆದರು. ಕೊರಳು? "ನಾ ಮುಟ್ಟಿ ನೋಡಿಲ್ರಿ. ನೋಡಲಾರದ್ದು ಹ್ಯಾಂಗ ಬರೀಲಿ?" ಆಹಾ, ಏನು ಪ್ರಾಮಾಣಿಕತೆ! ಸಾಹೇಬರೇ, ರೋಗಕ್ಕೆ ಇಷ್ಟು ಸಭ್ಯತೆ ಯಾರು ಕಲಿಸಬೇಕು? ಅದು ಶಿವದಾರ ಕಂಡು ಕೈಮುಗಿದು ನಿಂತಿತೇ? ದಿನವೂ ಪೂಜೆಗೆ ಲಿಂಗವನ್ನು ಅಂಗೈಗೆ ತಂದುಕೊಳ್ಳುವವನು ನಾನು, ತಪಾಸಣೆಗೂ ತಂದುಕೊಳ್ಳಲಾರೆನೇ? ಹಾಗೆಂದರೆ, "ಮಂದಿ ಏನಂದಾರ್ರಿ?" ಎನ್ನುತ್ತಾರೆ. ಏನಂದಾರು? ನನ್ನ ಮಣ್ಣಿಗೆ ಬಂದವರು "ಪಾಪ, ಒಳ್ಳೇ ಮನುಷ್ಯಾ ಇದ್ದ" ಅಂದಾರು. ನನಗೆ ಹೆದರಿಕೆಯಾಗಿದೆ, ಸಾಹೇಬರೇ. ನಗುತ್ತಾ ಬರೆಯುತ್ತಿದ್ದರೂ ಎಡಗೈ ಗಂಟನ್ನೇ ತಡವುತ್ತಿದೆ.

ಆದ್ದರಿಂದ ಹುಕುಂ ಹೊರಡಿಸಿ: ಬಾಯಿಹುಣ್ಣಿನವರು ಯಾರೇ ಬರಲಿ, ಕೊರಳಲ್ಲಿ ಲಿಂಗವಿರಲಿ, ತಾಯಿತವಿರಲಿ, ತಾಳಿಯಿರಲಿ, ಬೆರಳಿಟ್ಟು ನೋಡತಕ್ಕದ್ದು. ಮೊದಲ ಕೊರಳು ನನ್ನದು. ಸೋಮವಾರ ದವಾಖಾನೆಯ ಕಟ್ಟೆಗೆ ಬಂದು ಕೂರುತ್ತೇನೆ, ಲಿಂಗ ಅಂಗೈಯಲ್ಲಿ. ಅದನ್ನು ನಾನು ಕಾಯುತ್ತೇನೆ; ಕೊರಳನ್ನು ನೀವು ಕಾಯಿರಿ.

ಇಂತಿ,
ಸದ್ಯಕ್ಕೆ ನಾಲಿಗೆ ಬಾಯಲ್ಲೇ ಇರುವ, ಮರ್ಯಾದೆ ಸಾಕಾಗಿ ಹೋದ
ಮಹಾರುದ್ರಪ್ಪ
ಹುಮನಾಬಾದ್, ೧೯೪೧