ಅರ್ಧ ವಾಕ್ಯದ ವ್ಯಾಪಾರ

ಭಾನುವಾರ, ಊಟವಾದ ಮೇಲೆ

ವೇದಿಕೆಯ ಎಡಭಾಗದ ಏಕಮಾತ್ರ ಒಡತಿಯವರ ಸನ್ನಿಧಾನಕ್ಕೆ, ಬಲಭಾಗದ ಬಡಪಾಯಿ ಗಂಡನು ಬಗ್ಗಿ ಮಾಡುವ ನಮಸ್ಕಾರಗಳು. ಸೊಂಟ ಹಿಡಿದಿರುವುದರಿಂದ ಅರ್ಧಕ್ಕೇ ನಿಲ್ಲಿಸಿದ್ದೇನೆ. ಪೂರ್ತಿ ಬಗ್ಗಿದಂತೆಯೇ ಭಾವಿಸತಕ್ಕದ್ದು.

ನಾನು ಕ್ಷೇಮ. ನೀನೂ ಕ್ಷೇಮವೆಂದು ನಿನ್ನ ಅಕ್ಕ ಹೇಳುತ್ತಾರೆ. ಆದರೆ ನಾನು ಯಾವಾಗ ಫೋನ್ ಮಾಡಿದರೂ ‘ಈಗ ತಾನೇ ಮಲಗಿದ್ಲು ಕಣಪ್ಪ’ ಎನ್ನುತ್ತಾರೆ. ಕುಂಭಕರ್ಣನಿಗೂ ಆರು ತಿಂಗಳಿಗೊಮ್ಮೆ ಎಚ್ಚರವಾಗುತ್ತಿತ್ತು ಮಾರಾಯ್ತಿ. ನೀನು ಅವನ ದಾಖಲೆ ಮುರಿಯಲು ಹೊರಟಂತಿದೆ.

ಇರಲಿ. ಒಂದು ಸಮಾಚಾರವಿದೆ. ನಗಬಾರದು. ನಿನ್ನ ಗಂಡ ಶಾಲೆಗೆ ಸೇರಿದ್ದಾನೆ. ಗ್ರಂಥಾಲಯದ ಮಹಡಿಯಲ್ಲಿ ‘ಕಲಾವಿದರಿಗೆ ಉದ್ಯಮಶೀಲತೆ’ ಎಂಬ ಒಂದು ವಾರದ ತರಗತಿ. ಕಲೆ ನಿಮಗೆ ಬರುತ್ತದೆ, ಅದನ್ನು ಮಾರಲು ನಾವು ಕಲಿಸುತ್ತೇವೆ ಎಂದು ಬಾಗಿಲಿಗೇ ಬರೆದು ಅಂಟಿಸಿದ್ದರು. ನೀನು ಹೋದ ಮೇಲೆ ಯಾರೂ ಕರೆಯುತ್ತಿಲ್ಲ. ಕತ್ತರಿಯ ಒಂದೇ ಅಲಗನ್ನು ಯಾರು ಬಾಡಿಗೆಗೆ ತೆಗೆದುಕೊಳ್ಳುತ್ತಾರೆ? ಸುಮ್ಮನೆ ಗೋಡೆ ನೋಡುತ್ತ ಕೂರುವುದಕ್ಕಿಂತ ಕರಿಹಲಗೆ ನೋಡುತ್ತ ಕೂರೋಣವೆಂದು ಹೋದೆ.

ಟೀಚರಮ್ಮನಿಗೆ ನಮ್ಮ ಮಗಳಿದ್ದಿದ್ದರೆ ಆಗುತ್ತಿದ್ದಷ್ಟು ವಯಸ್ಸು. ಮೊದಲು ಬಿಸ್ಕತ್ತು ಕಂಪನಿಯಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದಳಂತೆ. ಬಿಸ್ಕತ್ತು ಮಾರುವುದೇ ಸುಲಭವಿತ್ತು, ಅದು ಎದುರು ಮಾತಾಡುತ್ತಿರಲಿಲ್ಲ ಎಂದು ಎರಡನೆಯ ದಿನವೇ ನಿಟ್ಟುಸಿರಿಟ್ಟಳು. ಪಾಪ, ಅವಳಿಗೆ ಸಿಕ್ಕ ಶಿಷ್ಯರನ್ನು ನೀನು ನೋಡಬೇಕಿತ್ತು. ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು ದರ ಹೇಳಿ ಎಂದರೆ, ಕೊಳಲಿನವನು ನೆಲ ನೋಡುತ್ತ, ‘ಐದು ಸಾವಿರ... ಮೂರು ಕೊಟ್ರೂ ನಡಿಯತ್ತೆ... ಊಟ ಇದ್ರೆ ಅದೂ ಬೇಡ ಬಿಡಿ’ ಎಂದ. ಯಾರೂ ಚೌಕಾಸಿಗೆ ಬಾಯಿ ತೆರೆದಿರಲಿಲ್ಲ! ಜಾದೂಗಾರನಿಗೆ ಗಿರಾಕಿಯ ನಂಬಿಕೆ ಗಳಿಸಿ ಎಂದರೆ, ಪಾರಿವಾಳ ಎಲ್ಲಿತ್ತೆಂದು ತೋಳು ಮಡಚಿ ತೋರಿಸಿಯೇಬಿಟ್ಟ. ಪಾರಿವಾಳಕ್ಕೇ ನಾಚಿಕೆಯಾದಂತಿತ್ತು.

ನನ್ನ ಸರದಿ ಬಂತು. ನೀವು ಮಾರುವ ಮಾಲು ಯಾವುದು ಎಂದು ಕೇಳಿದಳು. ನಾನು ಗಂಭೀರವಾಗಿ ವಿವರಿಸಿದೆ. ನಾವು ಗಂಡ ಹೆಂಡತಿ ನಗಿಸುವವರು, ಬರೆದುಕೊಂಡು ಆಡುವವರಲ್ಲ. ವಾಕ್ಯ ನಾನು ಶುರು ಮಾಡುತ್ತೇನೆ, ಅವಳು ಮುಗಿಸುತ್ತಾಳೆ. ಹೇಗೆ ಮುಗಿಸುತ್ತಾಳೆಂದು ನನಗೂ ಗೊತ್ತಿರುವುದಿಲ್ಲ, ಜನಕ್ಕೂ ಗೊತ್ತಿರುವುದಿಲ್ಲ, ಇಬ್ಬರೂ ಒಟ್ಟಿಗೇ ಬೆಚ್ಚಿಬೀಳುತ್ತೇವೆ. ಅದೇ ಮಾಲು. ಅವರೆಲ್ಲಿ ಎಂದು ಕೇಳಿದಳು. ರಜೆಯಲ್ಲಿದ್ದಾರೆ ಎಂದೆ.

ನಿನಗೆ ಲಕ್ವ ಹೊಡೆದದ್ದು, ಮಾತು ತಡವಾಗಿ ಬರತೊಡಗಿದ್ದು, ಆದರೂ ಹಟ ಹಿಡಿದು ವೇದಿಕೆಗೆ ಬಂದು ನೀನು ಒಂದು ಪದಕ್ಕಾಗಿ ತಡಕಾಡುತ್ತ ನಿಂತಾಗ ಜನ ಅದನ್ನೂ ತಮಾಷೆಯೆಂದುಕೊಂಡು ಬಿದ್ದು ಬಿದ್ದು ನಕ್ಕದ್ದು, ಮಾರನೆಯ ದಿನ ನೀನು ಬಟ್ಟೆ ಕಟ್ಟಿಕೊಂಡು, ನನ್ನನ್ನು ಹಿಂದೆ ಬರಬೇಡವೆಂದು ಅಕ್ಕನ ಮನೆಗೆ ಹೋದದ್ದು, ಇದ್ಯಾವುದನ್ನೂ ಹೇಳಲಿಲ್ಲ. ತರಗತಿಯ ಪಠ್ಯದಲ್ಲಿ ಅದೆಲ್ಲ ಇರಲಿಲ್ಲ.

ಸರಿ, ಒಂದೇ ನಿಮಿಷದಲ್ಲಿ ನಿಮ್ಮ ಪರಿಚಯ ಮಾಡಿಕೊಳ್ಳಿ, ನಾವೆಲ್ಲ ಗಿರಾಕಿಗಳು ಎಂದಳು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, ನಮಸ್ಕಾರ, ಈ ಜಗತ್ತಿನಲ್ಲಿ ಗಂಡನಾದವನಿಗೆ ಇರುವ ಒಂದೇ ಒಂದು ಹಕ್ಕು ಏನಪ್ಪಾ ಅಂದರೆ, ಎಂದು ಶುರು ಮಾಡಿ, ಎಡಕ್ಕೆ ತಿರುಗಿದೆ.

ಬೇಕೆಂದು ತಿರುಗಲಿಲ್ಲ. ಕತ್ತು ತಾನೇ ತಿರುಗಿತು. ನಿಂತೆ. ಅಲ್ಲೊಂದು ಫ್ಯಾನ್ ಇತ್ತು, ಕತ್ತು ಆಡಿಸುವ ಜಾತಿಯದು. ಅದು ನಿಧಾನವಾಗಿ ನನ್ನ ಕಡೆ ತಿರುಗಿತು, ಮುಖಕ್ಕೆ ಒಮ್ಮೆ ಉಸಿರು ಬಿಟ್ಟಿತು, ಈ ಮನುಷ್ಯನ ಸಹವಾಸ ಬೇಡವೆಂಬಂತೆ ಆ ಕಡೆ ತಿರುಗಿತು. ತರಗತಿಗೆ ತರಗತಿಯೇ ಗೊಳ್ಳೆಂದಿತು. ಜಾದೂಗಾರ ಬೆಂಚು ಕುಟ್ಟಿದ. ನಾನು ಇನ್ನೂ ಕಾಯುತ್ತಲೇ ಇದ್ದೆ, ಅವರು ಇನ್ನೂ ನಗುತ್ತಲೇ ಇದ್ದರು.

ಇದೇ, ಇದೇ ಎಂದು ಟೀಚರಮ್ಮ ಕುಣಿದಾಡಿದಳು. ಇಂಥ ಮಾಲು ಇನ್ಯಾರ ಹತ್ತಿರವೂ ಇಲ್ಲವಂತೆ. ಕೊನೆಯ ದಿನ ರಂಗಮಂದಿರದ ಮ್ಯಾನೇಜರನ್ನೂ ಕರೆಸಿ, ನನ್ನಿಂದ ಅದನ್ನೇ ಮತ್ತೊಮ್ಮೆ ಮಾಡಿಸಿದಳು. ಆತ ನೋಡಿದ, ನಕ್ಕ, ಕಣ್ಣೊರೆಸಿಕೊಂಡ, ಅಲ್ಲೇ ಮಾತು ಎತ್ತಿದ. ಪ್ರತಿ ಶನಿವಾರ ಒಂದು ಆಟ, ವರ್ಷ ಪೂರ್ತಿ. ಎಡಗಡೆ ಒಂದು ಖಾಲಿ ಕುರ್ಚಿ. ನಾನು ಶುರು ಮಾಡುವುದು, ಕುರ್ಚಿಯ ಕಡೆ ತಿರುಗಿ ಕಾಯುವುದು, ಜನ ನಗುವುದು. ಭಿತ್ತಿಪತ್ರಕ್ಕೆ ಹೆಸರನ್ನೂ ಅವನೇ ಇಟ್ಟ: ‘ಹೆಂಡತಿ ಬಾರದ ಗಂಡ’. ನಿಮ್ಮವರು ರಜೆ ಮುಗಿಸದಿದ್ರೇನೇ ನಮಗೆ ಲಾಭ ಸಾರ್ ಎಂದು ಬೆನ್ನು ತಟ್ಟಿದ. ನಾನೂ ನಕ್ಕೆ. ಅಭ್ಯಾಸ.

ಈಗ ವಿಷಯಕ್ಕೆ ಬರುತ್ತೇನೆ. ಇಬ್ಬರು ಸೇರಿ ಕಟ್ಟಿದ್ದನ್ನು ಒಬ್ಬರು ಮಾರಬೇಕಾದರೆ ಇನ್ನೊಬ್ಬರ ಒಪ್ಪಿಗೆ ಇರಲೇಬೇಕೆಂದು ಟೀಚರಮ್ಮ ಕಲಿಸಿದ್ದಾಳೆ. ವಾಕ್ಯದ ಮೊದಲಿನ ಅರ್ಧ ನನ್ನದು. ಕೊನೆಯ ಅರ್ಧ ನಿನ್ನದು. ನೀನು ಹೇಳದೆ ಬಿಟ್ಟ ಅರ್ಧವೂ ನಿನ್ನದೇ ಎಂದು ನನ್ನ ತಿಳಿವಳಿಕೆ. ಅದನ್ನು ನಾನು ಶನಿವಾರ ಶನಿವಾರ ಮಾರಬಹುದೇ? ಮ್ಯಾನೇಜರು ಉತ್ತರಕ್ಕೆ ಕಾಯುತ್ತಿದ್ದಾನೆ. ಒಪ್ಪಿಗೆ ಅಕ್ಕನ ಬಾಯಿಂದ ಬಂದರೆ ನಡೆಯುವುದಿಲ್ಲ, ಪಾಲುದಾರರೇ ಬರೆದು ಕೊಡಬೇಕು.

ಮನೆಯಲ್ಲಿ ಬೇರೇನಿಲ್ಲ. ತರಕಾರಿಯವಳ ಹತ್ತಿರ ಚೌಕಾಸಿ ಶುರು ಮಾಡುತ್ತೇನೆ, ನಡುವೆ ನಿಂತುಬಿಡುತ್ತೇನೆ, ಅವಳು ಹೇಳಿದ್ದೇ ದರ. ನಿನ್ನೆ ಬದನೆಕಾಯಿ ಬೇಡವೆನ್ನಲು ಹೋದೆ. ಬದನೆಕಾಯಿ ಎಂಬಲ್ಲಿಗೆ ನಿಂತೆ. ಒಂದು ಕೆಜಿ ಹಾಕಿಬಿಟ್ಟಳು. ಮೂರು ಹೊತ್ತೂ ಅದನ್ನೇ ತಿನ್ನುತ್ತಿದ್ದೇನೆ.

ಔಷಧಿ ತಪ್ಪಿಸಬೇಡ. ಅಕ್ಕನಿಗೆ ನನ್ನ ನಮಸ್ಕಾರ, ಅದೂ ಅರ್ಧ.

ಇತಿ,
ನಿನ್ನ ಬಲಗಡೆಯವನು

ಬರೆಯಲೋ ಬೇಡವೋ ಎಂದು ಯೋಚಿಸಿ ಬರೆದದ್ದು: ಮ್ಯಾನೇಜರಿಗೆ ನಾನು ಅಲ್ಲೇ, ನಿಂತ ಕಾಲಲ್ಲೇ, ಆಗಲ್ಲ ಎಂದುಬಿಟ್ಟೆ. ಟೀಚರಮ್ಮನಿಗೆ ಬೇಜಾರಾಯಿತು. ಏನು ಮಾಡಲಿ, ಆ ನಗು ನನಗೆ ಗುರುತು ಸಿಕ್ಕಿತು. ಅವತ್ತು ನೀನು ಪದ ಹುಡುಕುತ್ತಿದ್ದಾಗ ನಕ್ಕರಲ್ಲ, ಅದೇ ನಗು. ಹಾಗಾಗಿ ಒಪ್ಪಿಗೆಯ ಅಗತ್ಯ ಈಗ ಯಾರಿಗೂ ಇಲ್ಲ. ಮೇಲೆ ಬರೆದದ್ದು ನಾಟಕ. ಹೋದ ವಾರ ಅಕ್ಕ ಫೋನಿನಲ್ಲಿ ಅತ್ತುಬಿಟ್ಟರು. ಎರಡನೆಯ ಸಲ ಲಕ್ವ ಹೊಡೆದದ್ದು, ಮಾತು ಪೂರ್ತಿ ನಿಂತದ್ದು, ಬಲಗೈ ಏಳದಾದದ್ದು, ನನಗೆ ತಿಳಿಸಬಾರದೆಂದು ನೀನು ಕಣ್ಣಲ್ಲೇ ಬೇಡಿಕೊಂಡದ್ದು, ಎಲ್ಲ ಹೇಳಿದರು. ಅವರ ಮೇಲೆ ಸಿಟ್ಟಾಗಬೇಡ. ನಾನು ಬರುತ್ತೇನೆಂದರೆ ನೀನು ಗೋಡೆಯ ಕಡೆ ಮುಖ ತಿರುಗಿಸುತ್ತೀಯಂತೆ. ಹೇಗಿದ್ದೀಯೆಂದು ಕೇಳಿದರೆ ನೀನು ಉತ್ತರ ಕೊಡುವವಳಲ್ಲ. ನಿನ್ನ ಪಾಲನ್ನು ಮಾರುತ್ತೇನೆಂದರೆ ಸುಮ್ಮನಿರುವವಳೂ ಅಲ್ಲ. ಅದಕ್ಕೇ ಕೇಳಿದೆ. ‘ಬೇಡ’ ಎಂದು ಬರೆ, ಎರಡೇ ಅಕ್ಷರ. ಎಡಗೈಯಲ್ಲಿ, ಸೊಟ್ಟಗಾದರೂ ಸರಿ. ಒಂದೇ ಅಕ್ಷರಕ್ಕೆ ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ ಕಳಿಸು. ಉಳಿದದ್ದನ್ನು ಈ ಸಲ ನಾನು ಮುಗಿಸುತ್ತೇನೆ.