ಹೆಗಲು ಬದಲಿಸುವ ಜಾಗ

ಪೂಜ್ಯ ಮನ್ಮಥಪ್ಪ ಮಾಸ್ತರರಿಗೆ,

ಭಾಲ್ಕಿಯಿಂದ ನಿಮ್ಮ ಶಿಷ್ಯ ಮಡೆಪ್ಪನ ಶರಣು. ನೀವು ಲಿಂಗೈಕ್ಯರಾಗಿ ಇಷ್ಟು ವರ್ಷವಾದ ಮೇಲೆ ಕಾಗದ ಬರೆಯಲು ಕೂತ ನನ್ನನ್ನು ನೋಡಿ, ಇವನಿಗೆ ತಲೆ ಕೆಟ್ಟಿದೆ ಎಂದು ನೀವು ನಗಬಹುದು. ನಗಬೇಡಿ. ನಿನ್ನೆ ನನ್ನ ಮಗಳು ಸೌಂದರ್ಯಾಳ ಮದುವೆ. ಅದು ಮುರಿದು ಬೀಳುವ ಅಂಚಿಗೆ ಹೋಗಿ ಬಂತು, ಮತ್ತು ಅದಕ್ಕೆ ಕಾರಣ ನೀವು. ಇವತ್ತು ಮಧ್ಯಾಹ್ನ ಬೀಗರೆಲ್ಲ ಊಟ ಮಾಡಿ ಹೊರಟ ಕೂಡಲೇ ಬರೆಯಲು ಕೂತೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಹುಡುಗ ಅಮಿತಕುಮಾರ, ಔರಾದದವನು. ಮೆರವಣಿಗೆಗೆ ಬೀದರಿನಿಂದ ಡಿಜೆ ತರುತ್ತೇವೆ ಎಂದಾಗಲೇ ನಾನು ಬೇಡ ಅಂದಿದ್ದೆ. ಅವನ ತಂದೆ ಶಿವರಾಜಪ್ಪನವರು ನಕ್ಕುಬಿಟ್ಟರು. "ಹುಡುಗರ ಹೌಸ್, ಖುಷಿ ಅದ ರಿ ಬೀಗರ. ಒಂದ್ ತಾಸು ಕಿವಿ ಮುಚ್ಚಕೊಂಡು ಕೂಡ್ರಿ." ಸಂಗೀತದ ಮಾತು ತೆಗೆದರೆ ನನಗೆ ಸಿಟ್ಟು ಬರುತ್ತದೆ ಎಂದು ಊರಿಗೆಲ್ಲ ಗೊತ್ತು. ಆದರೆ ಹೆಣ್ಣಿನ ತಂದೆ ಎಷ್ಟು ಸಲ ಬೇಡ ಅನ್ನಬಹುದು?

ಕಲ್ಯಾಣ ಮಂಟಪದಲ್ಲಿ ನಿಮ್ಮ ಮನೆಯವರನ್ನು, ನಮ್ಮ ಕಸ್ತೂರಿಬಾಯಿ ಅವ್ವನನ್ನು, ಮುಂದಿನ ಕುರ್ಚಿಯಲ್ಲಿ ಕೂರಿಸಿ ನಾನು ಬಾಗಿಲಲ್ಲಿ ನಿಂತಿದ್ದೆ. ಡಿಜೆ ಗಾಡಿ ಮೂಲೆ ತಿರುಗಿತು. ಎಂದಿನ ಗದ್ದಲವೇ. ಕಿಟಕಿಯ ಗಾಜುಗಳು ನಡುಗುತ್ತಿದ್ದವು. ಆ ಗದ್ದಲದ ನಡುವಿನಿಂದ ಒಂದು ಕ್ಲಾರಿನೆಟ್ ಎದ್ದು ಬಂತು. ದುರ್ಗಾ ರಾಗ. ಪರವಾಗಿಲ್ಲ, ಈ ಹುಡುಗರಿಗೂ ದುರ್ಗಾ ಗೊತ್ತಿದೆ ಎಂದು ತುಸು ಖುಷಿಯೇ ಆಯಿತು. ಎರಡನೆಯ ಸಾಲು ಧೈವತಕ್ಕೆ ಏರಿತು, ಅಲ್ಲಿ ನಿಂತಿತು, ಆಮೇಲೆ ಎಲ್ಲವೂ ಸ್ತಬ್ಧ. ತಾಳದ ಅರ್ಧ ಸುತ್ತಿನಷ್ಟು ಮೌನ. ಹುಡುಗರು ಬಣ್ಣದ ಕಾಗದದ ಚೂರುಗಳನ್ನು ಮೇಲಕ್ಕೆ ತೂರಿದರು. ಮತ್ತೆ ಧಡಂ ಎಂದು ಷಡ್ಜಕ್ಕೆ ಬಿತ್ತು.

ಮಾಸ್ತರರೇ, ಆ ಧಾಟಿ ನಿಮ್ಮದು.

ನೀವು ಕಟ್ಟಿದ ಚೀಜುಗಳಿಗೆ, ಧಾಟಿಗಳಿಗೆ ಲೆಕ್ಕವಿಲ್ಲ. ಆದರೆ ಇದೊಂದಕ್ಕೆ ನೀವು ಹೆಸರಿಡಲಿಲ್ಲ. ನಾವು ಶಿಷ್ಯರು ಅದನ್ನು ಹೋಗುವ ಧಾಟಿ ಎನ್ನುತ್ತಿದ್ದೆವು. ಸತ್ತವರನ್ನು ಬಿದಿರಿನ ವಿಮಾನದಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು ಹೊರಟಾಗ ಅದರ ಮೇಲೆ ಶಿವನಾಮ ಹಾಡುವುದು. ನಿಧಾನ ಲಯ. ಎರಡನೆಯ ಸಾಲು ಧೈವತದಲ್ಲಿ ನಿಂತು ಸುಮ್ಮನಾದಾಗ, ಮುಂದೆ ನಡೆಯುತ್ತಿದ್ದ ನೀವು ಬಲಗೈ ಎತ್ತಿ ಮುಷ್ಟಿ ಬಿಚ್ಚುತ್ತಿದ್ದಿರಿ. ಹೊತ್ತವರು ಹೆಗಲು ಬದಲಿಸಲು ಅದೇ ಸನ್ನೆ ಎಂದು ನಾವು ತಿಳಿದೆವು. ನೀವೂ ಅಲ್ಲ ಅನ್ನಲಿಲ್ಲ. ತಂಬೂರಿ ಮುಟ್ಟಿಸಿ ಆಣೆ ಮಾಡಿಸಿದ್ದು ಮಾತ್ರ ನೆನಪಿದೆ. "ಇದನ್ನ ಸುಖದ ಮನ್ಯಾಗ ಹಾಡಬ್ಯಾಡ್ರಿ." ನನ್ನ ಹೆತ್ತವ್ವ ಹೋದಾಗ ಹಾಡಿದೆ. ನಿಮ್ಮ ವಿಮಾನದ ಮುಂದೆಯೂ ನಾನೇ ಹಾಡುತ್ತ ನಡೆದೆ. ಹಲಬರ್ಗಾ, ಕಮಠಾಣ, ಎಲ್ಲೆಲ್ಲಿಂದಲೋ ಕರೆ ಬರುತ್ತಿತ್ತು. ಅಂಥ ಧಾಟಿ ಲಾರಿಯ ಮೇಲೆ ಕುಣಿಯುತ್ತ ನನ್ನ ಮಗಳ ಕಡೆಗೇ ಬರುತ್ತಿದೆ.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಗಾಡಿ ಹತ್ತಿದ್ದೇನೆ, ವೈರು ಕಿತ್ತಿದ್ದೇನೆ. "ಹೆಣದ ಮುಂದಿನ ಹಾಡು ನನ್ನ ಮಗಳ ಬಾಗಲಕ ತಂದೀರೇನು" ಎಂದು ಕೂಗಿದ್ದೇನೆ. ಕೂಗಿದ ಮೇಲೆ ಬೀದಿ ಹೇಗೆ ಸುಮ್ಮನಾಯಿತೆಂದರೆ ಮದುಮಗನ ಕುದುರೆಯ ಲಗಾಮಿನ ಗೆಜ್ಜೆ ಕೇಳುತ್ತಿತ್ತು. ಹುಡುಗನ ತಾಯಿ ಬಾಯಿಗೆ ಸೆರಗು ಇಟ್ಟುಕೊಂಡರು. ಶಿವರಾಜಪ್ಪನವರ ಮುಖ ಕೆಂಡವಾಯಿತು. "ಬಾಸಿಂಗ ಕಟ್ಟಿದ ನನ್ನ ಮಗನ ಮುಂದ ಹೆಣದ ಮಾತು ಆಡಿದ್ರಿ ನೀವು. ಇನ್ನ ಸಾಕು. ಏ, ಕುದುರಿ ತಿರುಗಸ್ರಿ." ಕುದುರೆ ತಿರುಗಿಯೂಬಿಟ್ಟಿತು. ಮಂಟಪದ ಬಾಗಿಲಲ್ಲಿ ಅರಿಶಿಣ ಬಣ್ಣದ ಸೀರೆಯ ಸೌಂದರ್ಯಾ ನಿಂತು ನನ್ನನ್ನು ನೋಡುತ್ತಿದ್ದಳು.

ಡಿಜೆಯವನು ಗಾಡಿಯಿಂದ ಇಳಿದು ಬಂದ. ಮೂವತ್ತೈದರ ಮನುಷ್ಯ, ಹೆಸರು ಜುಲ್ಫೀಕಾರ. "ಕಾಕಾ, ಇದು ಹೆಣದ ಹಾಡು ಅಲ್ರಿ. ನಮ್ಮ ಅಬ್ಬಾ, ಗುಲಾಮ ರಸೂಲ ಅಂತ, ಬ್ಯಾಂಡಿನ್ಯಾಗ ಕ್ಲಾರಿನೆಟ್ ಬಾರಸ್ತಿದ್ರು. ಭಾಲ್ಕಿ ಮಾಸ್ತರ್ ಒಬ್ರು ಮದುವಿ ಸಲುವಾಗಿ ಕಲಿಸಿದ್ದು ಅಂತ ಹೇಳ್ತಿದ್ರು. ಅಬ್ಬಾ ತೀರಕೊಳ್ಳೋಕಿಂತ ಮೊದಲ ಅವರು ಬಾರಿಸಿದ್ದನ್ನ ಫೋನಿನ್ಯಾಗ ತುಂಬಿಕೊಂಡಿದ್ದೆ. ಈಗ ಬೀದರದಿಂದ ಜಹೀರಾಬಾದ್ ತನಕ ಇದಿಲ್ದ ಮದುವಿ ಬರಾತ್ ಹೊಂಡಂಗಿಲ್ರಿ." ಸುಳ್ಳು ಅಂದೆ. ಗುಲಾಮ ರಸೂಲ ಎಂಬ ಹೆಸರನ್ನು ನಿಮ್ಮ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಆಗ ಕಸ್ತೂರಿಬಾಯಿ ಅವ್ವ ಕುರ್ಚಿ ಬಿಟ್ಟು ಎದ್ದು ಬಂದಳು. ಒಬ್ಬರ ಕೈಯನ್ನೂ ಹಿಡಿಯಲಿಲ್ಲ. ಸೀದಾ ಶಿವರಾಜಪ್ಪನವರ ಮುಂದೆ ನಿಂತಳು. "ತಪ್ಪು ಮಡೆಪ್ಪಂದಲ್ಲಪ್ಪ, ನಮ್ಮ ಮನಿದು. ಈ ಹುಡುಗ ಹೇಳೋದು ಖರೆ ಅದ. ನಮ್ಮ ಮಗಳು ನೀಲಾನ ಮದುವಿಗಂತ ನಮ್ಮ ಮನಿಯವರು ಕಟ್ಟಿದ ಧಾಟಿ ಇದು. ಗುಲಾಮ ರಸೂಲಗ ಮನ್ಯಾಗ ಕೂಡಿಸಿ ಕಲಿಸಿದ್ರು. ನಡುವ ಸುಮ್ಮನಾಗೋದು ಯಾಕಂದ್ರ, ಆಗ ಅಕ್ಕಿಕಾಳು ಬೀಳಬೇಕು. ಕಾಳು ಬಿದ್ದ ಸಪ್ಪಳನೂ ನನ್ನ ಹಾಡೇ ಅಂತಿದ್ರು." ಅಲ್ಲಿಗೆ ನಿಲ್ಲಿಸಿದಳು. ಮುಂದಿನದನ್ನು ನೆಲ ನೋಡುತ್ತ ಹೇಳಿದಳು. "ಅರಿಶಿಣದ ದಿನ ಹುಡುಗಿಗೆ ಹಾವು ಮುಟ್ಟಿ ಜೀವ ಹೋತು. ಮರುದಿನ ಬ್ಯಾಂಡಿನವರು ಬಂದು ಬಾಗಲದಾಗ ನಿಂತಾರ, ಅವರಿಗಿ ಗೊತ್ತೇ ಇಲ್ಲ. ನಮ್ಮ ಮನಿಯವರೇ ನೀವು ಹೋಗ್ರಿ ಅಂದ್ರು. ಅದೇ ಧಾಟಿ ತಾವೇ ಹಾಡಕೋತ ನೀಲಾನ ವಿಮಾನದ ಮುಂದ ನಡದ್ರು."

ನೀಲಕ್ಕನ ಫೋಟೋ ನಿಮ್ಮ ಗೋಡೆಯ ಮೇಲಿತ್ತು. ನಾವು ದಿನಾ ಅದರ ಕೆಳಗೇ ಕೂತು ಪಾಠ ಕಲಿತೆವು. ಒಬ್ಬನಾದರೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಮಾಸ್ತರರೇ, ನೀವು ನಮಗೆ ಒಂದು ಮಾತು ಹೇಳಬೇಕಿತ್ತು. ನೀವು ಊರೂರಿನ ಹೆಣದ ಮುಂದೆ ಬರಿ ಮುಷ್ಟಿ ಬಿಚ್ಚಿ ಮಗಳಿಗೆ ಅಕ್ಕಿಕಾಳು ಹಾಕುತ್ತ ನಡೆದಿರಿ, ನಾವು ಅದನ್ನು ನೋಡಿ ಹೆಗಲು ಬದಲಿಸಿದೆವು.

ಶಿವರಾಜಪ್ಪನವರು ತಲೆಯ ರುಮಾಲು ಸರಿಮಾಡಿಕೊಂಡು, "ಹಂಗಾದ್ರ ಅವ್ವ, ಆ ಹುಡುಗಿ ಅಕ್ಕಿಕಾಳು ಇನ್ನಾ ಬಾಕಿ ಅದಾವ" ಎಂದರು. ನನ್ನ ಕಡೆ ತಿರುಗಿ, "ಹೊತ್ತು ಮೀರ್ತದ, ನಡೀರಿ ಬೀಗರ. ಕಾಳು ಹಾಕೋ ಮುಂದ ನೀವೇ ಹಾಡ್ರಿ" ಎಂದರು. ಕುದುರೆಯ ಮುಖ ಮತ್ತೆ ನಮ್ಮ ಕಡೆಗಾಯಿತು.

ಆಣೆ ಮುರಿದೆ. ಜುಲ್ಫೀಕಾರ ಮರದ ಕುರ್ಚಿಯ ಮೇಲೆ ಬೆರಳಿನಿಂದ ಲಯ ಹಿಡಿದ. ಆ ಧಾಟಿಯನ್ನು ದ್ರುತ ಲಯದಲ್ಲಿ ನಾನು ಜನ್ಮದಲ್ಲಿ ಹಾಡಿರಲಿಲ್ಲ. ಅದು ಇಷ್ಟು ಚೆಲುವಾಗಿದೆ ಎಂದೂ ಗೊತ್ತಿರಲಿಲ್ಲ. ಎರಡನೆಯ ಸಾಲು, ಧೈವತ, ನಿಂತೆ. ಕಾಳು ಬಿದ್ದವು. ಬಾಸಿಂಗದ ಮೇಲೆ, ರೇಷ್ಮೆಯ ಮೇಲೆ, ನೆಲಹಾಸಿನ ಮೇಲೆ ಮೆತ್ತನೆಯ ಸಪ್ಪಳ. ಅವ್ವನ ಬಲಗೈ ಮೇಲೆದ್ದು ಮುಷ್ಟಿ ಬಿಚ್ಚಿತು, ಥೇಟ್ ನಿಮ್ಮ ಕೈ ಹಾಗೆ. ಅದನ್ನೇ ನೋಡುತ್ತ ನಿಂತುಬಿಟ್ಟೆ. ಷಡ್ಜವನ್ನು ಮುಟ್ಟಲು ಆಗಲಿಲ್ಲ.

ಮುಟ್ಟಿದವರು ಯಾರು ಗೊತ್ತೇ? ಬೆವರಿನಲ್ಲಿ ತೊಯ್ದು ಹಿಂದೆ ನಿಂತಿದ್ದ ಆ ಔರಾದದ ಹುಡುಗರು. ಒಬ್ಬರಿಗೂ ಸಂಗೀತದ ಗಂಧವಿಲ್ಲ, ನಿಮ್ಮ ಹೆಸರೂ ಗೊತ್ತಿಲ್ಲ. ಫೋನಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಎಲ್ಲರೂ ಒಂದೇ ಸಲಕ್ಕೆ ಎತ್ತಿಕೊಂಡು ಕೊನೆಯ ತನಕ ಹಾಡಿದರು, ಒಂದು ಸ್ವರವೂ ತಪ್ಪಲಿಲ್ಲ. ನಿಮ್ಮ ಸಂಗೀತ ನಮ್ಮ ಜೊತೆಗೇ ಮಣ್ಣಾಗುತ್ತದೆ ಎಂದು ಮೊನ್ನೆಯ ತನಕ ಊರ ತುಂಬ ಹೇಳಿಕೊಂಡು ತಿರುಗಿದವನು ನಾನು.

ಇನ್ನು ಯಾರದಾದರೂ ಮನೆಯಿಂದ ಸಾವಿನ ಕರೆ ಬಂದರೆ ಹೋಗುತ್ತೇನೆ, ಇದನ್ನೇ ಹಾಡುತ್ತೇನೆ. ಆದರೆ ಜೇಬಿನಲ್ಲಿ ಒಂದು ಹಿಡಿ ಅಕ್ಕಿ ಇರುತ್ತದೆ. ಅವ್ವನ ಕಾಳಜಿ ಬೇಡ, ನಮ್ಮ ಮನೆಯಲ್ಲೇ ಇದ್ದಾಳೆ, ಈಗ ತುಸು ಮಲಗಿದ್ದಾಳೆ. ನಮ್ಮ ಮಕ್ಕಳನ್ನು ಅಲ್ಲಿಂದಲೇ ಹರಸಿರಿ. ನೀಲಕ್ಕ ನಿಮ್ಮ ಹತ್ತಿರವೇ ಇದ್ದರೆ ಇಷ್ಟು ಹೇಳಿ: ಅವಳ ಅಕ್ಕಿಕಾಳು ನಿನ್ನೆ ಬಿದ್ದವು, ನನ್ನ ಮಗಳ ತಲೆಯ ಮೇಲೆ.

ನಿಮ್ಮ ಮೇಲೆ ಇನ್ನೂ ಸಿಟ್ಟಿಳಿಯದ,
ಮಡೆಪ್ಪ